ಪೆರೆಲ್ಕಾಳ ಪಾಲಿನ ಪುಡಿ

“ಪೆರೆಲ್ಕಾಗೆ ಮಾತ್ರ ದೊಡ್ಡ ಚೂರಾ? ಹಾಗೆಲ್ಲ ಮಾಡ್ಬಾರ್ದು. ಇವತ್ತು ಎಲ್ರಿಗೂ ಒಂದೇ ಸಮ,” ಎಂದ ಅಪ್ಪ.

ಯಾಗ್ನಾ ನಾಲಿಗೆ ಕಚ್ಚಿಕೊಂಡಳು. ಅವಳ ಕೈಯಲ್ಲಿದ್ದ ಗುಲಾಬಿ ಬಣ್ಣದ ಹಿಟ್ಟಿನ ಬಿಲ್ಲೆ ಹಪ್ಪಳಕ್ಕಿಂತ ತೆಳು. ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಮನೆಯವರು ಬಿಳಿ ಬಿಲ್ಲೆ ಮುರಿದು ಹಂಚಿಕೊಂಡರೆ, ಕೊಟ್ಟಿಗೆಯವರಿಗೆ ಬಣ್ಣದ್ದು. ಹಸು ಕ್ರಾಸುಲಾ ತನ್ನ ಪಾಲನ್ನು ನೆಕ್ಕಿ ಮುಗಿಸಿದಳು. ಕುರಿ ಪೆರೆಲ್ಕಾ ಇನ್ನೂ ಬೇಕೆಂದು ಯಾಗ್ನಾಳ ಅಂಗೈ ಮೂಸಿದಳು. ಮರಿಯಾಗಿದ್ದಾಗ ಅವಳಿಗೆ ಬಾಟಲಿ ಹಾಲು ಕುಡಿಸಿ ಸಾಕಿದ್ದು ಯಾಗ್ನಾನೇ. ಕೊಂಚ ತಲೆ ಮೇಲೆ ಕೂರಿಸಿಕೊಂಡಿದ್ದಳು ಅನ್ನಿ.

ಅಪ್ಪ ಬಗ್ಗಿ ಕುರಿಯ ತುಟಿ ಒರೆಸಿದ. ಬೆರಳಿಗೆ ಕಂದು ಪುಡಿ ಅಂಟಿತು. ಅವನ ಮುಖ ಬಿಳಿಚಿಕೊಂಡಿತು.

“ಇದು ಕ್ರಾಸುಲಾಳ ವಿಟಮಿನ್ ಪುಡಿ. ಇವಳಿಗೆ ಯಾರು ಹಾಕಿದ್ದು?”

“ನಾನೇ. ಇವಳೂ ನೋಡ್ತಾ ನಿಂತಿರ್ತಾಳೆ, ಪಾಪ.”

“ಅದರಲ್ಲಿ ತಾಮ್ರ ಇದೆ ಯಾಗ್ನಾ. ಹಸುಗೆ ಅದು ಬೇಕು. ಕುರಿಗೆ ವಿಷ. ಹೆಚ್ಚಾದದ್ದು ಹೊರಗೆ ಹೋಗಲ್ಲ, ಲಿವರ್‌ನಲ್ಲೇ ಕೂತ್ಕೊಳ್ಳುತ್ತೆ. ಎಷ್ಟು ದಿನದಿಂದ ಹಾಕ್ತಿದೀಯ?”

ಯಾಗ್ನಾ ಅಂಗೈಯನ್ನು ಕೋಟಿಗೆ ಒರೆಸಿಕೊಂಡಳು.

“ಇವತ್ತು... ಇವತ್ತೊಂದೇ ದಿನ.”

ಅಪ್ಪ ನೆಮ್ಮದಿಯ ಉಸಿರು ಬಿಟ್ಟ. “ಹಾಗಾದ್ರೆ ಪರವಾಗಿಲ್ಲ. ಒಂದು ಸಲಕ್ಕೆ ಏನೂ ಆಗಲ್ಲ. ನಡಿ, ಊಟಕ್ಕೆ.”

ಒಂದೇ ದಿನವಲ್ಲ. ಪುಡಿಯ ಮೂಟೆ ಬಂದಾಗಿನಿಂದ, ಅಂದರೆ ಮೊದಲ ಹಿಮ ಬೀಳುವ ಮುಂಚಿನಿಂದ, ತಿಂಗಳ ಮೇಲಾಯಿತು. ಕ್ರಾಸುಲಾಗೆ ಅದನ್ನು ತಿನ್ನಿಸುವುದು ಯಾಗ್ನಾಳ ಕೆಲಸ. ಹಾಗೇ ಸುರಿದರೆ ಹಸು ಉಫ್ ಅಂತ ಊದಿಬಿಡುತ್ತದೆ. ಅರ್ಧ ಗೋಡೆಗೆ, ಅರ್ಧ ಯಾಗ್ನಾಳ ಮೂಗಿಗೆ. ಅದಕ್ಕೇ ಬೀಟ್‌ರೂಟ್ ಚೂರುಗಳಿಗೆ ನೀರು ಚಿಮುಕಿಸಿ, ಪುಡಿ ಅಂಟುವಂತೆ ಕಲಸಬೇಕು. ಕಲಸಿದ ಮೇಲೆ ದಿನಾ ಒಂದು ಹಿಡಿ ಪೆರೆಲ್ಕಾಗೆ. ಹಂಚಿ ತಿನ್ನಬೇಕು ಅಂತ ಮನೆಯವರೆಲ್ಲ ಹೇಳುತ್ತಾರಲ್ಲ, ಅವಳು ಹಂಚಿದ್ದಳು.

ಮೇಜಿನ ಮೇಲೆ ಬೀಟ್‌ರೂಟ್ ಸಾರು ಹಬೆಯಾಡುತ್ತಿತ್ತು. ಯಾಗ್ನಾ ಚಮಚ ಹಿಡಿದು ಸುಮ್ಮನೆ ಕೂತಳು. ಆ ಕೆಂಪು ನೋಡಿದರೆ ಕೊಟ್ಟಿಗೆಯ ಬೀಟ್‌ರೂಟೇ ನೆನಪಾಗುತ್ತಿತ್ತು.

“ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಪ್ರಾಣಿಗಳು ನಮ್ಮ ಹಾಗೆ ಮಾತಾಡ್ತವಂತೆ, ಗೊತ್ತಲ್ವಾ?” ಅಣ್ಣ ವಿತೆಕ್ ಮೀನಿನ ಮುಳ್ಳು ಬಿಡಿಸುತ್ತಾ ಕೆಣಕಿದ. “ಪೆರೆಲ್ಕಾ ನಿನ್ನ ಬಣ್ಣ ಬಯಲು ಮಾಡ್ತಾಳೆ ನೋಡು. ಟೋಪಿ ಹಾಕ್ಕೊಳಲ್ಲ, ಹಲ್ಲುಜ್ಜಲ್ಲ...”

ಅವನಿಗೇನು ಗೊತ್ತು? ಸುಮ್ಮನೆ ಕೀಟಲೆ. ಪೆರೆಲ್ಕಾ ಮಾತಾಡಿದರೆ ಒಳ್ಳೆಯದೇ ಆಗುತ್ತಿತ್ತು. ಆದರೆ ತನ್ನ ಹೊಟ್ಟೆಯೊಳಗೆ ಏನಾಗುತ್ತಿದೆ ಅಂತ ಅವಳು ಹೇಳಲಾರಳು. ಅವಳ ಪರವಾಗಿ ಹೇಳಬಲ್ಲವಳು ಈ ಮನೆಯಲ್ಲಿ ಒಬ್ಬಳೇ.

ಚಮಚ ತಟ್ಟೆಗೆ ಬಿತ್ತು. “ಅಪ್ಪಾ, ಇವತ್ತೊಂದೇ ದಿನ ಅಲ್ಲ. ದಿನಾ ಹಾಕಿದೀನಿ. ಮೂಟೆ ಬಂದಾಗಿಂದ.”

ಯಾರೂ ಬಯ್ಯಲಿಲ್ಲ. ಅದರಿಂದ ಇನ್ನೂ ಹೆದರಿಕೆಯಾಯಿತು. ಅಪ್ಪ ಬಾಯಲ್ಲಿದ್ದ ತುತ್ತು ನುಂಗಿ ಫೋನಿಗೆ ಕೈ ಹಾಕಿದ.

ಪಕ್ಕದೂರಿನ ದನದ ಡಾಕ್ಟ್ರಮ್ಮ ಹಬ್ಬದ ಬಟ್ಟೆಯಲ್ಲೇ ಗಂಬೂಟು ಹಾಕಿಕೊಂಡು ಬಂದರು. ಟಾರ್ಚ್ ಬಿಟ್ಟು ಪೆರೆಲ್ಕಾಳ ಕಣ್ಣು ನೋಡಿದರು. ರಕ್ತ ತೆಗೆದರು. ಒಂದು ಔಷಧಿ ಕುಡಿಸಿದರು.

“ಕಣ್ಣು ಹಳದಿ ಆಗಿಲ್ಲ, ಸದ್ಯ. ಆದ್ರೆ ಬದುಕ್ತಾಳೆ ಅಂತ ಈಗ್ಲೇ ಹೇಳೋಕಾಗಲ್ಲ ಪುಟ್ಟಿ. ರಕ್ತದ ರಿಪೋರ್ಟ್ ಬರ್ಲಿ, ಔಷಧಿ ದಿನಾ ಕುಡಿಸಿ. ಇನ್ನೊಂದು ಮಾತು. ಇವಳನ್ನ ಯಾರೂ ಗಾಬರಿ ಮಾಡ್ಬಾರ್ದು. ಓಡಿಸೋದು, ಕೂಗೋದು, ಹಿಡಿದೆಳೆಯೋದು ಏನೂ ಬೇಡ. ಹೆದರಿದ್ರೆ ಲಿವರ್‌ನಲ್ಲಿರೋ ತಾಮ್ರ ಒಂದೇ ಸಲ ರಕ್ತಕ್ಕೆ ನುಗ್ಗುತ್ತೆ.”

“ನುಗ್ಗಿದ್ರೆ?”

ಡಾಕ್ಟ್ರಮ್ಮ ಟಾರ್ಚ್ ಆರಿಸಿದರು. “ಆಮೇಲೆ ನನ್ನ ಕೈಲೂ ಏನೂ ಆಗಲ್ಲ.”

ಬೆಳಿಗ್ಗೆ ಯಾಗ್ನಾ ಕೋಟಿನ ಗುಂಡಿ ಕೂಡ ಹಾಕದೆ ಅಂಗಳಕ್ಕೆ ಓಡಿದಳು. ಕೊಟ್ಟಿಗೆಯ ಬಾಗಿಲಲ್ಲಿ ತನ್ನ ಏದುಸಿರು ತನಗೇ ಕೇಳಿಸಿತು. ಉಸಿರು ತಹಬಂದಿಗೆ ಬರುವವರೆಗೆ ಹೊರಗೇ ನಿಂತಳು. ಆಮೇಲೆ ಸದ್ದಾಗದಂತೆ ಬಾಗಿಲು ಸರಿಸಿದಳು.

ಪೆರೆಲ್ಕಾ ಮೂಲೆಯಲ್ಲಿ ಮಲಗಿದ್ದಳು. ಮೆಲುಕು ಹಾಕುತ್ತಿರಲಿಲ್ಲ. ಯಾಗ್ನಾಗೆ ಓಡಿ ಹೋಗಿ ತಬ್ಬಿಕೊಂಡು, ಅಲ್ಲಾಡಿಸಿ, ಏಳೇ ಅನ್ನಬೇಕು ಅನ್ನಿಸಿತು. ಹೋಗಲಿಲ್ಲ. ಬಾಗಿಲ ಪಕ್ಕದಲ್ಲೇ ಹುಲ್ಲಿನ ಮೇಲೆ ಮೆಲ್ಲಗೆ ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು.

ಎಷ್ಟೋ ಹೊತ್ತಾದ ಮೇಲೆ ಕುರಿಯ ದವಡೆ ಒಮ್ಮೆ ಅಲುಗಿತು. ಸ್ವಲ್ಪ ತಡೆದು ಮತ್ತೊಮ್ಮೆ.

ಹಿಂದಿನಿಂದ ವಿತೆಕ್ ಬಂದು ಪಿಸುಗುಟ್ಟಿದ. “ಹೋಗಿ ಸವರೇ. ಅದಕ್ಕೇ ತಾನೇ ಬಂದಿದ್ದು?”

ಯಾಗ್ನಾ ಕುರಿಯಿಂದ ಕಣ್ಣು ಕೀಳದೆ ತಲೆಯಾಡಿಸಿದಳು.

“ಬೇಡ. ಸವರ್ಬೇಕು ಅನ್ನಿಸ್ತಿರೋದು ನನಗೆ ಕಣೋ. ಅವಳಿಗಲ್ಲ.”