ಒಂದೊಂದೇ ಏಟು

ಸೋಮವಾರ ಬೆಳಿಗ್ಗೆ 7.05. ಬಂಗಾರಪೇಟೆಯ ರೈಲ್ವೆ ಪೊಲೀಸ್ ಠಾಣೆಗೆ ಏಳು ಜನ ಒಟ್ಟಿಗೆ ನುಗ್ಗಿದರು. ಮಾರಿಕುಪ್ಪಂ ರೈಲಿನ ಪಾಸಿನವರು. ದಿನಾ ಒಂದೇ ಬೋಗಿ, ಒಬ್ಬರಿಗೊಬ್ಬರು ಟವೆಲ್ ಹಾಕಿ ಸೀಟು ಹಿಡಿಯುವವರು.

"ಕಳ್ಳನ್ನ ಹಿಡ್ಕೊಟ್ಟಿದೀವಿ ಮೇಡಂ, ಕಂಪ್ಲೇಂಟ್ ಬರ್ಕಳಿ" ಎಂದ ಮುಂದಿದ್ದ ಸುಧಾಕರ್. ತನ್ನ ಮೊಬೈಲನ್ನು ಮೇಜಿನ ಮೇಲಿಟ್ಟ. "ಅವ್ನ ಜೇಬಲ್ಲಿ ಸಿಕ್ತು."

ಆ 'ಕಳ್ಳ' ಪ್ಲಾಟ್‌ಫಾರ್ಮಿನ ಮೇಲೆ ಎಚ್ಚರ ತಪ್ಪಿ ಬಿದ್ದಿದ್ದ. ಎಸ್‌ಐ ಸುಕನ್ಯ ಮೊದಲು ಅವನನ್ನು ಆಸ್ಪತ್ರೆಗೆ ಸಾಗಿಸಿದಳು. ಕಾನ್‌ಸ್ಟೇಬಲ್ ಮುನಿರಾಜು ಪಂಚನಾಮೆ ಮಾಡಿ ಅವನ ಚೀಲವನ್ನೂ ಆ ಮೊಬೈಲನ್ನೂ ವಶಕ್ಕೆ ತೆಗೆದುಕೊಂಡ. ಚೀಲದಲ್ಲಿದ್ದದ್ದು ಮುದ್ದೆ, ಸೊಪ್ಪಿನ ಸಾರು, ಗಾರೆ ಕೆಲಸದ ಸಾಮಾನು. ಜೊತೆಗಿದ್ದ ಆಧಾರ್ ಕಾರ್ಡಿನಲ್ಲಿ ಹೆಸರು ಪೆರುಮಾಳ್, ಊರು ಕೋರಮಂಡಲ್.

ಒಂಬತ್ತಕ್ಕೆ ಡಾಕ್ಟರ ಫೋನ್ ಬಂತು. ಮೂರು ಪಕ್ಕೆಲುಬು ಮುರಿದಿವೆ, ತಲೆಗೂ ಪೆಟ್ಟು, ಉಳಿಯುತ್ತಾನೋ ಇಲ್ಲವೋ ಹೇಳಲಾಗದು. ಬೆನ್ನಿಗೇ ಅವನ ಹೆಂಡತಿ ಮುನಿಲಕ್ಷ್ಮಿ ಬಂದಳು.

"ಅವ್ನು ಓದ್ರೂ ಓಗ್ಲಿ ಮೇಡಂ, ಕಳ್ಳ ಅನ್ನೋ ಎಸ್ರು ಒತ್ಕೊಂಡು ಓಗ್ಬಾರ್ದು."

ತಾನೀಗ ಕಳವಿನ ಎಫ್‌ಐಆರ್‌ಗೆ ಸಹಿ ಹಾಕಿದರೆ ಆ ಹೆಸರೇ ಕಾಯಂ. ಸುಕನ್ಯ ಏಳು ಜನರನ್ನೂ ಬೇರೆ ಬೇರೆ ಕೂರಿಸಿ ಕೇಳತೊಡಗಿದಳು.

"ಎಷ್ಟು ಏಟು ಹೊಡೆದೆ?"

"ಒಂದೇ ಮೇಡಂ."

"ಅವನು ಕದ್ದದ್ದು ನೋಡಿದೆಯಾ?"

"ನಾನ್ ನೋಡ್ಲಿಲ್ಲ, ಬೇರೆ ಯಾರೋ ನೋಡಿದ್ರಂತೆ."

ಏಳು ಬಾಯಲ್ಲೂ ಒಂದೇ ಏಟು! ಒಂದೊಂದೇ ಏಟಿಗೆ ಮೂರು ಪಕ್ಕೆಲುಬು ಮುರೀತವಾ? ಒಬ್ಬೊಬ್ಬನೇ ಇದ್ದಾಗ ಇರುವೆ ತುಳಿಯಲೂ ಹೆದರುವ ಪ್ರಾಣಿಗಳು. ಸೇರಿದರೆ ನೋಡಿ, ಗುಂಪಲ್ಲಿ ಗೋವಿಂದ.

ಕೊನೆಯವನು ಬಾಲಾಜಿ. "ಕೋರಮಂಡಲ್ ಬಿಟ್ಟ ತಕ್ಷಣ ಸುಧಾಕರ್ ಕೂಗ್ದ, 'ಮೊಬೈಲ್ ಓಯ್ತು, ಇವ್ನೇ ಪಕ್ಕದಲ್ಲಿದ್ದೋನು' ಅಂತ. ಆರೂ ಇಪ್ಪತ್ತೈದು ಇರ್ಬೋದು. ಬಂಗಾರಪೇಟೆವರ್ಗೂ ಒಡೆದ್ರು... ಒಡೆದ್ವಿ."

"ಮೊಬೈಲ್ ಸಿಕ್ಕಿದ್ದು ಯಾವಾಗ?"

"ಇಲ್ಲಿ ಇಳಿದ್ಮೇಲೆ, ಅವ್ನ ಜೇಬಲ್ಲಿ ಅಂತ ಸುಧಾಕರ್ ಏಳ್ದ."

ಸುಕನ್ಯ ಸುಧಾಕರನನ್ನು ಕರೆಸಿ ಅವನ ಕೈಯಿಂದಲೇ ಮೊಬೈಲ್ ತೆರೆಸಿದಳು. ಬೆಳಿಗ್ಗೆ 6.31, ಲಿಖಿತಳ ಕರೆ. ಎತ್ತಿ ಮಾತಾಡಿದ್ದು ಹತ್ತೊಂಬತ್ತು ಸೆಕೆಂಡು.

"ಲಿಖಿತ ಯಾರು?"

"ನನ್ ಎಂಡ್ತಿ. ಸೀಟ್ ಸಿಕ್ತಾ ಅಂತ ದಿನಾ ಕೇಳ್ತಾಳೆ."

"6.31ಕ್ಕೆ ಮಾತಾಡಿದ್ದು ಪೆರುಮಾಳಾ, ನೀನಾ?"

ಸುಕನ್ಯಳೇ ಫೋನ್ ಮಾಡಿ ಕೇಳಿದರೆ ಲಿಖಿತ ಮುಚ್ಚಿಡಲಿಲ್ಲ: "ಅವ್ರೇ ಎತ್ತಿದ್ರು. ಯಾರೋ ಅಳೋದು ಕೇಳಿಸ್ತಿತ್ತು."

"ನನ್ ಟಿಫಿನ್ ಬ್ಯಾಗ್ ತಳದಲ್ಲೇ ಇತ್ತು ಮೇಡಂ" ಎಂದ ಸುಧಾಕರ್ ಬಿಕ್ಕುತ್ತಾ. "ರಿಂಗಾದಾಗ್ಲೇ ಗೊತ್ತಾಯ್ತು. ಆಗ್ಲೇ ಎಲ್ರೂ ನನಗೋಸ್ಕರ ಒಡೀತಿದ್ರು. ಸಿಕ್ತು ಅಂದ್ರೆ ನನ್ ಮುಖಕ್ಕೆ ಉಗೀತಿದ್ರು. ನಾಳೆಯಿಂದ ನಂಗೆ ಸೀಟ್ ಇಡಿಯೋರ್ಯಾರು?"

"ಆಮೇಲೆ?"

"ಆಮೇಲೆ ನಾನೂ ಒದ್ದೆ."

ಥೂ! ಒಂದು ಸೀಟಿಗೆ.

ಮಧ್ಯಾಹ್ನ 2.40ಕ್ಕೆ ಎಫ್‌ಐಆರ್ ದಾಖಲಾಯಿತು, ಕಳವಿನದಲ್ಲ, ಕೊಲೆ ಯತ್ನದ್ದು. ಸುಧಾಕರ್ ಮೊದಲ ಆರೋಪಿ, ಉಳಿದ ಆರು ಜನ ಅವನ ಹಿಂದೆ. ಏಳೂ ಜನರ ದಸ್ತಗಿರಿಯಾಯಿತು. ಲಾಕಪ್ಪಿನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಸಂಜೆ ಸುಕನ್ಯ ಆಸ್ಪತ್ರೆಗೆ ಹೋದಳು. ಪೆರುಮಾಳ್ ಇನ್ನೂ ಕಣ್ಣು ಬಿಟ್ಟಿರಲಿಲ್ಲ. "ನಾನ್ ಏಳಿದ್ರೆ ಸಾಲ್ದು" ಎಂದಳು ಮುನಿಲಕ್ಷ್ಮಿ, "ಅವ್ನ ಕಿವೀಲಿ ನೀವೇ ಏಳಿ."

ಸುಕನ್ಯ ಟೋಪಿ ತೆಗೆದು ಬಾಗಿದಳು. "ಪೆರುಮಾಳ್, ನೀನು ಕಳ್ಳ ಅಲ್ಲ."

ಅಕ್ಕಪಕ್ಕದ ಮಂಚದವರೆಲ್ಲ ಇತ್ತ ತಿರುಗಿದರು. ಮುನಿಲಕ್ಷ್ಮಿ ಕಣ್ಣೊರೆಸಿಕೊಂಡಳು.

"ಇನ್ನೊಂದ್ಸಲ ಜೋರಾಗಿ ಏಳಿ ಮೇಡಂ. ಇವ್ರಿಗೂ ಕೇಳಿಸ್ಲಿ."