ಹಿತ್ತಲ ಕಲ್ಲಿಗೆ ಉಜ್ಜಿದ ಚಾಕು

"ಈ ಚಾಕೂನಲ್ಲಿ ಏನು ಹೆಚ್ತೀರಿ ನೀವು? ಕಲ್ಲಾ?"

ಮುಖ್ತಾರ್ ಅಹಮದ್ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಚಾಕುವನ್ನು ಬಿಸಿಲಿಗೆ ಹಿಡಿದು ಕೇಳಿದ. ನಜೀರಾ ಬಾಗಿಲ ಪರದೆಯನ್ನು ಗಲ್ಲದವರೆಗೆ ಎಳೆದುಕೊಂಡಳು.

"ಕುಂಬಳಕಾಯಿ," ಎಂದಳು ಮೆಲ್ಲಗೆ.

"ಹೋದ್ಸಲಾನೂ ಕುಂಬಳಕಾಯಿ ಅಂದ್ರಿ. ನಿಮ್ಮ ಗುಬ್ಬಿ ಊರಿನ ಕುಂಬಳಕಾಯಿ ಭಾರಿ ಗಟ್ಟಿ ಬಿಡಿ."

ಅವನು ಪೆಡಲ್ ತುಳಿದ. ಸಾಣೆಚಕ್ರ ಗಿರ್ರನೆ ತಿರುಗಿ ಕಿಡಿ ಹಾರಿತು. ಕಿಡಿ ನೋಡುವ ನೆಪದಲ್ಲಿ ಅವಳು ಅವನ ರೆಪ್ಪೆಗಳನ್ನು ನೋಡಿದಳು. ಅಲಗು ನೋಡುವ ನೆಪದಲ್ಲಿ ಅವನು ಪರದೆಯನ್ನು ನೋಡಿದ.

ಎರಡು ವಾರಕ್ಕೊಂದು ಗುರುವಾರ ಅವನು ಕುಣಿಗಲ್ಲಿನಿಂದ ಗುಬ್ಬಿಗೆ ಬರುತ್ತಿದ್ದ. ಅವನು ಹಿಡಿದ ಸಾಣೆ ಮೂರು ತಿಂಗಳು ಕೆಡದು. ಅದು ನಜೀರಾಗೂ ಗೊತ್ತಿತ್ತು. ತುಮಕೂರಿನಲ್ಲಿ ಬಿ.ಎ. ಮುಗಿಸಿ ಮನೆ ಸೇರಿದವಳಿಗೆ ಆ ಮೂರು ತಿಂಗಳು ದೂರವೆನಿಸಿತ್ತು. ಅದಕ್ಕೇ ಅವನು ಬರುವ ಹಿಂದಿನ ದಿನ, ಅಮ್ಮೀ ಮಧ್ಯಾಹ್ನ ಮಲಗಿದಾಗ, ಹಿತ್ತಲಿನ ಒಗೆಯುವ ಕಲ್ಲಿನ ಅಂಚಿಗೆ ಚಾಕುವನ್ನು ಅಡ್ಡಡ್ಡ ಉಜ್ಜುತ್ತಿದ್ದಳು. ಎಂಟೇ ಎಂಟು ಸಲ. ಆಮೇಲೆ ಒಳಗೆ ಬಂದು ಡೈರಿಯಲ್ಲಿ ಬರೆಯುತ್ತಿದ್ದಳು: ನಾಳೆ ಗುರುವಾರ.

ಅಂಥದ್ದೇ ಒಂದು ಬುಧವಾರ ಅವಳ ಅಮ್ಮೀ ಹಜರಾ ಬೀ ಮಧ್ಯಾಹ್ನದ ನಿದ್ದೆಯಿಂದ ಬೇಗ ಎದ್ದು ಅಡುಗೆಗೆ ಕೂತರು. ಮೊಂಡು ಚಾಕು ಈರುಳ್ಳಿಯ ಮೇಲೆ ಜಾರಿ ಎಡಗೈ ತೋರುಬೆರಳಿಗೆ ಇಳಿಯಿತು. ನಾಲ್ಕು ಹೊಲಿಗೆ.

ಆಸ್ಪತ್ರೆಯಿಂದ ಬಂದವರೇ ಜಗಲಿಯ ಮೇಲೆ ನಿಂತು ಇಡೀ ಬೀದಿಗೆ ಕೇಳುವಂತೆ ಕೂಗಿದರು: "ಆ ಕುಣಿಗಲ್ ಹುಡುಗನ ಸಾಣೆ ಹದಿನೈದು ದಿನಾನೂ ನಿಲ್ಲಲ್ಲ!"

ಬಕ್ರೀದಿಗೆ ಇನ್ನು ಮೂರೇ ವಾರ. ಕುರ್ಬಾನಿಯ ಚೂರಿ ಮೊಂಡಾಗಿರಬಾರದು, ಪ್ರಾಣಿ ನರಳಬಾರದು. ಅದರಲ್ಲಿ ಯಾರೂ ರಾಜಿಯಾಗುವವರಲ್ಲ. ಸಾಣೆಯವನಿಗೆ ಅಂಥ ಮಾತು ಬಂದರೆ ಅವನ ಕಥೆ ಮುಗಿದಂತೆ. ನಜೀರಾ ಅಮ್ಮೀಯ ಬ್ಯಾಂಡೇಜನ್ನೇ ನೋಡುತ್ತ ನಿಂತಳು.

ಮರುದಿನ ಮುಖ್ತಾರ್ ಬಂದ. ಬೈಸಿಕೊಂಡ. ಚಾಕುವನ್ನು ತಿರುಗಿಸಿ ನೋಡಿದ. ಆಮೇಲೆ ಒಂದೇ ಒಂದು ಸಲ ಪರದೆಯ ಕಡೆ ನೋಡಿದ.

"ತಪ್ಪು ನಂದೇ ಖಾಲಾ," ಎಂದ. "ಇನ್ಮೇಲೆ ನನ್ನ ಕಾಯಬೇಡಿ. ಮನೇಲೇ ಮಸೆಯೋದು ಹೇಳಿಕೊಡ್ತೀನಿ."

ಜಗಲಿಯ ಮೇಲೆ ಒದ್ದೆ ಗೋಣಿ ಹಾಸಿ, ಅಂಗೈಯಗಲದ ಚಪ್ಪಟೆ ಕಲ್ಲು ಇಟ್ಟ. ಕಲಿಯಲು ನಜೀರಾ ಕೂತಳು. ನಡುವೆ ಹಜರಾ ಬೀ ಕೈ ಎತ್ತಿಕೊಂಡು ಕೂತರು.

"ಚಾಕು ಬೆನ್ನಿನ ಕೆಳಗೆ ಎರಡು ನಾಲ್ಕಾಣೆ ನಾಣ್ಯ ಹಿಡಿಯೋ ಅಷ್ಟು ಎತ್ತಿ. ಸಾಕು ಸಾಕು. ಒತ್ತಬೇಡಿ, ಅದೇನು ನಿಮ್ಮ ಶತ್ರು ಅಲ್ಲ. ಬುಡದಿಂದ ತುದಿವರೆಗೂ ಒಂದೇ ಎಳೆತ."

ಅವಳು ಎಳೆದಳು.

"ಈಗ ಇನ್ನೊಂದು ಕಡೆ ಹೆಬ್ಬೆಟ್ಟು ಅಡ್ಡಕ್ಕೆ ಸವರಿ, ನಿಧಾನ. ದಾರದಂಗೆ ತಡೆಯುತ್ತಾ?"

"ಹೂಂ."

"ಹಂಗಾದ್ರೆ ಈ ಕಡೆ ಆಯ್ತು. ತಿರುಗ್ಸಿ." ಹಜರಾ ಬೀ ಉಕ್ಕುವ ಹಾಲಿಗೆಂದು ಎದ್ದು ಒಳಗೆ ಓಡಿದಾಗ ಅವನು ದನಿ ತಗ್ಗಿಸಿದ. "ಕಲ್ಲಿಗೆ ಅಡ್ಡಡ್ಡ ಉಜ್ಜಿದ್ರೆ ಮಾತ್ರ ಅಲಗಿಗೆ ಈ ಥರ ಹಲ್ಲು ಬೀಳೋದು."

ಅವಳ ಕೈ ನಿಂತಿತು. ಅವನು ಕಲ್ಲನ್ನು ಅಲ್ಲೇ ಬಿಟ್ಟು ಹೋದ.

ನಜೀರಾ ದಿನವೂ ಮಸೆದಳು. ಟೊಮೆಟೊ ತಾನಾಗಿ ಬಿಚ್ಚಿಕೊಳ್ಳುವಷ್ಟು ಚಾಕು ಹರಿತವಾಯಿತು. ಅಮ್ಮೀ ಹೊಗಳಿದಾಗೆಲ್ಲ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳು.

ಎರಡು ವಾರದ ನಂತರದ ಗುರುವಾರ ಸೈಕಲ್ ಬೆಲ್ ಕೇಳಿಸಿತು. ಒಂದು ಬಾಗಿಲೂ ತೆರೆಯಲಿಲ್ಲ. ಚೂರಿಗಳನ್ನೆಲ್ಲ ಸಾಣೆಗೆಂದು ತುಮಕೂರಿನ ಬಸ್ಸಿಗೆ ಹಾಕಲು ಆಗಲೇ ಕಟ್ಟಿಟ್ಟಿದ್ದರು. ಮುಖ್ತಾರ್ ಬೀದಿಯ ಕೊನೆಯವರೆಗೂ ಬೆಲ್ ಬಾರಿಸುತ್ತ ಹೋದ, ಬಾರಿಸದೆ ವಾಪಸ್ಸು ಬಂದ.

ನಜೀರಾ ನೇರ ಅಡುಗೆಮನೆಗೆ ಹೋದಳು.

"ಅಮ್ಮೀ, ಅವ್ರ ಸಾಣೆ ಕೆಟ್ಟಿರಲಿಲ್ಲ. ನಾನೇ ಕೆಡಿಸ್ತಿದ್ದೆ."

"ಯಾಕೆ?"

ಮಗಳ ತಗ್ಗಿದ ತಲೆಯನ್ನು ನೋಡಿಯೇ ಹಜರಾ ಬೀಗೆ ಅರ್ಥವಾಯಿತು. ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

"ಅಷ್ಟು ಓದ್ಸಿದ್ದಕ್ಕೆ ಇದಾ? ನನ್ನ ಬೆರಳು ಕೂಡ್ಕೊಳ್ಳುತ್ತೆ ಕಣೇ. ಜಗಲಿ ಮೇಲೆ ನಿಂತು ನಾನು ಆಡಿದ ಮಾತು? ನಡಿ. ಮನೆಮನೆಗೂ ನೀನೇ ಹೋಗಿ ಹೇಳು."

ಅಂಗಡಿಯವರ ಮುಂದೆ ಬಾಯಿ ಬಿಡದ ಹುಡುಗಿ ಹನ್ನೊಂದು ಮನೆಯ ಬಾಗಿಲು ತಟ್ಟಿದಳು. ಎಲ್ಲ ಕಡೆ ಅದೇ ಪ್ರಶ್ನೆ, ಯಾಕೆ. ಎದುರು ಮನೆಯ ಮಸ್ತಾನ್ ಬೀ ಮಾತ್ರ ಕೇಳಲಿಲ್ಲ. ಗಲ್ಲಕ್ಕೆ ಕೈಯಿಟ್ಟು ನಕ್ಕರು. "ಬಿ.ಎ. ಓದಿ ಒಳ್ಳೆ ಕೆಲಸ ಕಲ್ತವ್ಳೆ ನೋಡು!" ಕೊನೆಯ ಮನೆ ತಲುಪುವಷ್ಟರಲ್ಲಿ ಸುದ್ದಿ ಅವಳಿಗಿಂತ ಮುಂದೆ ಹೋಗಿತ್ತು.

ಅವಳ ಅಬ್ಬಾ ಇಸಾಕ್ ಸಾಬ್ ಎರಡು ದಿನ ಮಗಳ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಮುಖ್ತಾರನಿಗೆ ಬರಲು ಕುಣಿಗಲ್ ಬಸ್ಸಿನ ಕಂಡಕ್ಟರ್ ಕೈಲಿ ಹೇಳಿ ಕಳಿಸಿದರು.

ಹಬ್ಬಕ್ಕೆ ಎರಡು ದಿನವಿರುವಾಗ ಮುಖ್ತಾರ್ ಸೈಕಲ್ಲಿನ ಸುತ್ತ ಬೀದಿಯ ಚೂರಿಗಳೆಲ್ಲ ಸೇರಿದವು. ಸಂಜೆಯ ಹೊತ್ತಿಗೆ ಗುಂಪು ಕರಗಿದಾಗ ನಜೀರಾ ನೀರಿನ ಲೋಟ ತಂದಳು. ಪರದೆ ದಾಟಿ, ಮೆಟ್ಟಿಲಿಳಿದು.

"ಗೊತ್ತಿದ್ರೂ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬೀದಿಯೆಲ್ಲ ನಿಮ್ಮನ್ನ ಯಾಕೆ ಅಂತ ಕೇಳೋದು."

"ಕೇಳಿದ್ರು."

"ಏನಂದ್ರಿ?"

ಅವಳ ಕಣ್ಣು ತುಂಬಿತು. "ಏನೂ ಅನ್ನಲಿಲ್ಲ. ಅವ್ರಿಗ್ಯಾಕೆ ಹೇಳ್ಲಿ? ನಿಮಗೆ ಹೇಳ್ಬೇಕಿತ್ತು." ಕಣ್ಣೊರೆಸಿಕೊಂಡು ಕೇಳಿದಳು, "ನನ್ನ ಮೇಲೆ ಕೋಪ ಇಲ್ವಾ?"

"ಇದೆ," ಎಂದ ಮುಖ್ತಾರ್. ನೀರು ಪೂರ್ತಿ ಕುಡಿದು ಲೋಟ ಕೊಟ್ಟ. "ಹಬ್ಬ ಆದ್ಮೇಲೆ ನಮ್ಮ ಅಮ್ಮೀನ ಕರ್ಕೊಂಡು ಬಂದು ನಿಮ್ಮ ಅಬ್ಬಾ ಹತ್ರಾನೇ ಹೇಳ್ತೀನಿ."

ಒಳಗಿನಿಂದ ಹಜರಾ ಬೀಯ ದನಿ ಬಂತು: "ಬಸ್ಸಲ್ಲಿ ಬರೋಕೆ ಹೇಳೇ! ಆ ಸೈಕಲ್ ತಂದ್ರೆ ಬೀದಿಯವ್ರೆಲ್ಲ ಮತ್ತೆ ಚಾಕು ಹಿಡ್ಕೊಂಡು ಬರ್ತಾರೆ."