ಇನ್ನೂರೈವತ್ತಾರಕ್ಕೆ ನಿಂತ ಸೈರನ್

ಬೈಕಿನ ಕನ್ನಡಿ ಪುಡಿಪುಡಿಯಾಯಿತು!

ಗುಂಡು!

"ತಲೆ ಬಗ್ಗಿಸಮ್ಮಾ!" ಎಂದು ಅರಚಿದೆ.

ಹಿಂದೆ ಕೂತಿದ್ದ ದಲಿಸಾಯ್ ಬಗ್ಗಿದಳು. ಲ್ಯಾಪ್‌ಟಾಪನ್ನು ಮಾತ್ರ ಎದೆಗವಚಿಕೊಂಡೇ ಇದ್ದಳು. ಮಳೆ ಸುರಿಯುತ್ತಿತ್ತು. ಊರಿನ ಸೈರನ್ ಆಗಲೇ ಕೂಗಲು ಶುರುಮಾಡಿತ್ತು. ಜನ ಮಕ್ಕಳನ್ನೆತ್ತಿಕೊಂಡು ಗುಡ್ಡ ಹತ್ತುತ್ತಿದ್ದರು. ನಾವಿಬ್ಬರೇ ನದಿಯ ಕಡೆಗೆ!

ನಾನು ಇಸ್ಕೊ. ಒಂದು ಕಾಲದಲ್ಲಿ ಸೆಬು ನಗರದ ಪೊಲೀಸ್. ಈಗ ಬೇರೆಯವರು ಮುಟ್ಟದ ಕೆಲಸ ಮಾಡುವವನು.

ಆ ಬೆಳಿಗ್ಗೆ ಕ್ರಿಸ್ಪಿನ್ ಕರೆಸಿದ್ದ. ನಮ್ಮೂರಿಗೆ ಪ್ರವಾಹದ ಸೈರನ್ ಹಾಕಿಸಿದ ಕಂಟ್ರಾಕ್ಟರ್.

"ನಮ್ಮ ಸೈರನ್ ಓಡೋದು ದಲಿಸಾಯ್ ಅನ್ನೋಳು ಬರೆದ ಲೈಬ್ರರಿ, ಅಂದ್ರೆ ಕಂಪ್ಯೂಟರ್ ಕೋಡ್ ಮೇಲೆ. ಅವಳ ತಪ್ಪಿಂದಲೇ ನಿನ್ನ ತಂಗಿ ಸತ್ತಿದ್ದು. ಹಿಡ್ಕೊಂಡು ಬಾ."

ನಿಲ್ದಾ... ನನ್ನ ಒಬ್ಬಳೇ ತಂಗಿ. ಹೋದ ವರ್ಷ ಸೈರನ್ ಕೇಳಿ ಗುಡ್ಡ ಹತ್ತಿದ್ದಳು. ಅದು ನಿಂತಿತು. ನಿಂತರೆ ಅಪಾಯ ಮುಗಿಯಿತು, ಮನೆಗೆ ಹೋಗಬಹುದು. ಇಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಹೋದಳು. ನೀರು ಇಳಿದಿರಲೇ ಇಲ್ಲ.

ದಲಿಸಾಯ್ ಸಿಕ್ಕಿದ್ದು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ, ಸುಟ್ಟ ಮೀನು ತಿನ್ನುತ್ತಾ. ನನ್ನ ಹೆಸರು ಹೇಳಿದೆ. ತಂಗಿಯ ಹೆಸರು ಹೇಳಿದೆ. ಅವಳು ತಟ್ಟೆ ಸರಿಸಿ ಲ್ಯಾಪ್‌ಟಾಪ್ ತೆರೆದಳು.

"ನೋಡಣ್ಣ, ನದಿ ಅಳತೆ ಇಂಥಾ ಸಾಲಲ್ಲಿ ಬಂದು ಕೂರುತ್ತೆ. ಟೈಪ್ಡ್ ಅರೇ ಅಂತೀವಿ. ಒಂದೊಂದು ಖಾನೆ ಇನ್ನೂರೈವತ್ತೈದರ ತನಕ ಹಿಡಿಯುತ್ತೆ, ಅಷ್ಟೇ."

"ಅದಕ್ಕಿಂತ ಜಾಸ್ತಿ ಬಂದ್ರೆ?"

"ಮತ್ತೆ ಸೊನ್ನೆ."

ಇನ್ನೂರು ಸೆಂಟಿಮೀಟರಿಗೆ ಕೂಗುವ ಸೈರನ್... ಇನ್ನೂರೈವತ್ತಾರಕ್ಕೆ ಸೊನ್ನೆ ಎಂದುಕೊಂಡು ಬಾಯಿ ಮುಚ್ಚಿತ್ತು!

"ನನ್ನ ಲೈಬ್ರರಿ ಬಂದ ಅಳತೆನ ಮೊದಲು ಪರೀಕ್ಷೆ ಮಾಡುತ್ತೆ. ಅರ್ಥವಿಲ್ಲದ ಅಳತೆ ಬಂದ್ರೆ ತಡೆದು ಪರದೆ ಕೆಂಪು ಮಾಡುತ್ತೆ. ದೊಡ್ಡ ಸಂಖ್ಯೆ ಬಂದ್ರೆ ಇಡೀ ಸಾಲನ್ನೇ ದೊಡ್ಡ ಖಾನೆಗೆ ಬದಲಾಯಿಸುತ್ತೆ. ಉದ್ಘಾಟನೆ ದಿನ ಒಂದು ಅಳತೆಗೋಲು ಕೆಟ್ಟಿತ್ತು. ಪರದೆ ಕೆಂಪಾಗ್ತಾನೇ ಇತ್ತು. ಅತಿಥಿಗಳು ಹೋಗೋ ತನಕ ಪರೀಕ್ಷೆ ಆಫ್ ಮಾಡಿ, ಆಮೇಲೆ ಆನ್ ಮಾಡೋಣ ಅಂದ್ರು ಕ್ರಿಸ್ಪಿನ್. ಮಾಡಿದೆ."

"ಆಮೇಲೆ?"

"ನಮ್ಮ ಕೆಲಸದಲ್ಲಿ ಆಮೇಲೆ ಅನ್ನೋದು ಬರೋದೇ ಇಲ್ಲಣ್ಣ." ಅವಳ ಕಣ್ಣು ತುಂಬಿತು. "ಇವತ್ತೂ ಆಫ್ ಆಗೇ ಇದೆ."

ಆಗಲೇ ಸೈರನ್ ಕೂಗಿದ್ದು.

ಕ್ರಿಸ್ಪಿನ್‌ಗೆ ಫೋನ್ ಮಾಡಿದೆ. "ಪರೀಕ್ಷೆ ತೆಗೆಸಿದ್ದು ನೀನಾ?"

ಅವನು ಫೋನ್ ಇಟ್ಟ. ಪರೀಕ್ಷೆ ಮತ್ತೆ ಆನ್ ಮಾಡಲು ನಾವು ಬೈಕ್ ಹತ್ತಿದೆವು. ಉತ್ತರ ಕೊಟ್ಟಿದ್ದು ಬೆನ್ನಟ್ಟಿ ಗುಂಡು ಹಾರಿಸಿದ ಅವನ ಜೀಪು!

ಮೀನು ಮಾರ್ಕೆಟ್ಟಿನ ಸಂದಿಗೆ ಬೈಕ್ ನುಗ್ಗಿಸಿದೆ. ಜೀಪು ಅಲ್ಲೇ ಸಿಕ್ಕಿಕೊಂಡಿತು. ನದಿ ಪಕ್ಕದ ಪುರಭವನದ ಮೆಟ್ಟಿಲು ಹತ್ತಿದೆವು. ಕಾವಲುಗಾರ ಅಡ್ಡ ಬಂದ. ಒಂದೇ ಗುದ್ದು... ಕೂತ.

ಸೈರನ್ನಿನ ಕಂಟ್ರೋಲ್ ರೂಮ್. ಪರದೆಯ ಮೇಲೆ ನದಿಯ ಅಳತೆ, 251.

ದಲಿಸಾಯ್ ಬೆರಳುಗಳು ಓಡತೊಡಗಿದವು.

252.

"ಕೈ ತೆಗಿಯೇ!"

ಬಾಗಿಲಲ್ಲಿ ಕ್ರಿಸ್ಪಿನ್. ಮೈಯೆಲ್ಲ ಕೆಸರು. ಕೈಯಲ್ಲಿ ಪಿಸ್ತೂಲು. ನಾನು ನಡುವೆ ನಿಂತೆ.

"ಸರಿಯೋ ಇಸ್ಕೊ! ಈಗ ಸರಿಮಾಡಿದ್ರೆ ಆಗ ಕೆಟ್ಟಿತ್ತು ಅಂತ ಊರಿಗೆಲ್ಲಾ ಗೊತ್ತಾಗುತ್ತೆ. ನನ್ನ ಗತಿ?"

"ನಿಮ್ಮಮ್ಮ ಎಲ್ಲಿ?"

"ಏನು?"

"ನದಿ ದಂಡೇಲಿ ತಾನೇ ಅವರ ಮನೆ? ಈಗ ಗುಡ್ಡದ ಮೇಲಿರ್ತಾರೆ. ಸೈರನ್ ನಿಂತ್ರೆ ಮನೆಗೆ ಇಳೀತಾರೆ... ನಿಲ್ದಾ ಥರ. ಹಾರಿಸು."

254.

ಪಿಸ್ತೂಲು ಮೆಲ್ಲಗೆ ಕೆಳಗಿಳಿಯಿತು. ನಾನು ಕಿತ್ತುಕೊಂಡೆ.

255.

"ಆಯ್ತಣ್ಣ..." ಎಂದಳು ದಲಿಸಾಯ್.

ಮೂವರೂ ಪರದೆಯನ್ನೇ ನೋಡಿದೆವು.

256.

ಸೈರನ್ ಕೂಗುತ್ತಲೇ ಇತ್ತು!

257. 260. ಕಿಟಕಿಯಿಂದ ನೋಡಿದೆ. ಗುಡ್ಡದ ಮೇಲೆ ಜನ ಕದಲದೆ ನಿಂತಿದ್ದರು. ಒಬ್ಬರೂ ಇಳಿಯಲಿಲ್ಲ. ಕ್ರಿಸ್ಪಿನ್ ನೆಲದ ಮೇಲೆ ಕುಸಿದು ಕಿವಿ ಮುಚ್ಚಿಕೊಂಡ. ನಾನು ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಈ ಸಲ ನಿಲ್ಲಲಿಲ್ಲ ಕಣೇ ನಿಲ್ದಾ... ನೀನು ಆಗಲೇ ಮನೆಗೆ ಹೋಗಿಬಿಟ್ಟಿದ್ದೆ!